ಪುಡಿ ಕಣದಲ್ಲಿ ಮೊಳೆತ ರಾಗಿ

ನಮ್ಮ ಮಿಲ್ಲಿಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳ ಕೈಗೆ ಮೊದಲ ದಿನವೇ ಒಂದು ಹಾಳೆ ಕೊಡುತ್ತಾರೆ. ತಲೆಗೆ ಬಟ್ಟೆ ಕಟ್ಟಿರಬೇಕು, ಮೂಗು ಬಾಯಿ ಮುಚ್ಚಿರಬೇಕು, ಕೈಬಳೆ ತೆಗೆದಿಟ್ಟಿರಬೇಕು ಅಂತೆಲ್ಲ ಅದರಲ್ಲಿದೆ. ಕೊನೆಯ ಸಾಲಿನಲ್ಲಿ, ಕಣಕ್ಕೆ ಕಾಲಿಡುವ ಮೊದಲು ಸೆರಗು, ಮಡಿಲು, ಜೇಬು ಎಲ್ಲವನ್ನೂ ಗೇಟಿನ ಆಚೆಯೇ ಕೊಡವಿಕೊಂಡು ಬರಬೇಕು ಅಂತಿದೆ. ಯಾಕೆ ಅಂತ ಬರೆದಿಲ್ಲ. ಹುಡುಗಿಯರು ಅದನ್ನೋದಿ ನಗುತ್ತಾರಂತೆ, ಕಳ್ಳರನ್ನ ಆಚೆ ಹೋಗುವಾಗ ತಡಕಬೇಕು, ಒಳಗೆ ಬರುವಾಗಲ್ಲ ಅಂತ.

ಆ ಸಾಲು ಬರೆಸಿದವಳು ನಾನು. ಕೆಲಸ ಬಿಟ್ಟು ಎರಡನೇ ವರ್ಷ ನಡೀತಿದೆ. ನನ್ನ ಜಾಗದಲ್ಲಿ ಈಗ ಕಣ ನೋಡಿಕೊಳ್ಳುವ ಶೋಭಾ ಮೊನ್ನೆ ಮನೆಗೆ ಬಂದವಳು, "ಗಂಗಕ್ಕ, ಬಾಯಲ್ಲಿ ಹೇಳಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತವೆ. ನೀವೇ ಬರೆದುಕೊಡಿ, ಓದೋಕೆ ಕೊಡ್ತೀನಿ" ಅಂದಳು. ನಾನು ಓದಿದ್ದು ಹತ್ತನೇ ಕ್ಲಾಸು. ಮಾತು ಕಲಿತದ್ದು ಮಾತ್ರ ಅರಳಗುಪ್ಪೆಯ ನನ್ನಜ್ಜಿಯ ಹತ್ತಿರ. ಅವಳು ಕಥೆ ಶುರುಮಾಡುವ ಮೊದಲು ಕೇಳುವವರ ಹೊಟ್ಟೆ ತುಂಬಿದೆಯಾ ಅಂತ ವಿಚಾರಿಸುತ್ತಿದ್ದಳು. ನೀವೂ ಊಟ ಮುಗಿಸಿ ಕೂತು ಓದಿ.

ನಾನು ಸೇರಿದಾಗ ನಮ್ಮದು ನಾರಿನ ಮಿಲ್ಲು. ನೊಣವಿನಕೆರೆ ರಸ್ತೆಯಿಂದ ಒಳಗೆ ಒಂದು ಫರ್ಲಾಂಗು. ಸುತ್ತಲಿನ ತೋಟದವರು ಕಾಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಹಾಕಿ, ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಗುಡುಗುಡು ಅನ್ನುವ ತನಕ ಬಿಟ್ಟು ಸುಲಿಸುತ್ತಾರಲ್ಲ, ಆ ಕಾಯಿಯ ಸಿಪ್ಪೆ, ನಮ್ಮ ಮಾತಿನಲ್ಲಿ ಮಟ್ಟೆ, ನಮಗೆ ಬರುತ್ತಿತ್ತು. ಮಟ್ಟೆಯನ್ನು ಯಂತ್ರದ ಬಾಯಿಗೆ ಕೊಟ್ಟರೆ ನಾರು ಒಂದು ಕಡೆ ಬೀಳುತ್ತದೆ, ಪುಡಿ ಒಂದು ಕಡೆ ಬೀಳುತ್ತದೆ. ನಾರು ಹಗ್ಗಕ್ಕೆ, ಹಾಸಿಗೆಗೆ ಹೋಗುತ್ತಿತ್ತು. ಪುಡಿಯನ್ನು ಕೇಳುವವರಿರಲಿಲ್ಲ. ಬಿದ್ದಲ್ಲೇ ಬಿದ್ದು ಬಿದ್ದು ಮಿಲ್ಲಿನ ಹಿಂದೆ ತೆಂಗಿನ ಮರದ ಅರ್ಧದಷ್ಟು ಎತ್ತರದ ಗುಡ್ಡ ಎದ್ದಿತ್ತು. ಗಾಳಿ ಬೀಸಿದರೆ ಊರಿನ ಅನ್ನದ ತಟ್ಟೆಗೆಲ್ಲ ಅದೇ ಪುಡಿ. ಒಗೆದ ಬಟ್ಟೆ ಕೆಂಪಗೆ. ಮಿಲ್ಲಿನಲ್ಲಿ ಕೆಲಸ ಅಂದರೆ ಸೋಪು ಜಾಸ್ತಿ ಬೇಕಲ್ಲವ್ವ ಅಂತ ನನ್ನ ಅತ್ತೆಯನ್ನು ಅಂಗಡಿಯವನು ಆಡಿಕೊಳ್ಳುತ್ತಿದ್ದ.

ಬೇಸಿಗೆಯಲ್ಲಿ ಆ ಗುಡ್ಡ ಒಳಗೊಳಗೇ ಬೇಯುತ್ತಿತ್ತು. ಹೊರಗೆ ಉರಿ ಕಾಣುವುದಿಲ್ಲ, ಸಣ್ಣಗೆ ಹೊಗೆ, ವಾರಗಟ್ಟಲೆ. ನನ್ನ ಮೊದಲ ಕೆಲಸ ಅದಕ್ಕೆ ನೀರು ಹೊಯ್ಯುವುದು. ಬರಿಗಾಲು ಇಟ್ಟು ನೋಡಿ ಎಲ್ಲಿ ಬಿಸಿ ಇದೆ ಅಂತ ಕಂಡುಹಿಡಿಯಬೇಕಿತ್ತು. ನನ್ನ ಅಂಗಾಲು ಆ ವಿದ್ಯೆ ಕಲಿತಷ್ಟು ಇನ್ಯಾವುದೂ ಕಲಿಯಲಿಲ್ಲ.

ಮಿಲ್ಲಿನ ಯಜಮಾನರು ಮಲ್ಲಿಕಾರ್ಜುನಪ್ಪನವರು. ತಿಪಟೂರಿನಲ್ಲಿ ಮೂರು ತಲೆಮಾರಿನಿಂದ ಕೊಬ್ಬರಿ ವ್ಯಾಪಾರದ ಮನೆ. ಬಿಳಿ ಅಂಗಿ, ಹಣೆತುಂಬ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಆ ಗುಡ್ಡದ ಮುಂದೆ ಮಾತ್ರ ಅವರು ಕೈಚೆಲ್ಲಿ ನಿಲ್ಲುತ್ತಿದ್ದರು. ಪಂಚಾಯ್ತಿಯಿಂದ ನೋಟೀಸು ಬಂತು. ಒಬ್ಬ ಲಾರಿಯವನಿಗೆ ಬಾಡಿಗೆ ಕೊಟ್ಟು ಸಾಗಿಸಿ ಅಂದರು. ಅವನು ನಾಲ್ಕು ಲೋಡು ಪಕ್ಕದೂರಿನ ಕೆರೆಯಂಗಳಕ್ಕೆ ಸುರಿದು ಬಂದ, ಮೂರನೇ ದಿನಕ್ಕೆ ಆ ಊರಿನವರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದು ನಮ್ಮ ಗೇಟಿಗೇ ಸುರಿದು ಹೋದರು. ಬೈಯಲೂ ಇಲ್ಲ. ಅಷ್ಟು ಸಾವಧಾನದ ಜನ.

ಆ ಪುಡಿಗೆ ಮೊದಲು ಬೆಲೆ ಕಟ್ಟಿದವನು ಕೆಂಕೆರೆ ಕಡೆಯ ಒಬ್ಬ ನರ್ಸರಿಯವನು. ಎರಡು ಚೀಲ ಕೇಳಿದ. ಹೊತ್ತುಕೊಂಡು ಹೋಗಪ್ಪ ಪುಣ್ಯಾತ್ಮ ಅಂದರು ಯಜಮಾನರು. ಹದಿನೈದು ದಿನಕ್ಕೆ ಮತ್ತೆ ಬಂದ, ಈ ಸಲ ಹತ್ತು ಚೀಲ. ಮೂರನೇ ಸಲ ಮಿನಿ ಲಾರಿ ತಂದ. ಯಜಮಾನರಿಗೆ ಅನುಮಾನ, ಇವನು ಏನಕ್ಕೋ ಬೆರಕೆ ಮಾಡ್ತಾನೆ, ನಾಳೆ ನನ್ನ ಹೆಸರು ಕೆಡ್ತದೆ ಅಂತ. ನೋಡಿಕೊಂಡು ಬಾ ಅಂತ ನನ್ನನ್ನು ಕಳಿಸಿದರು. ಹೋಗಿ ನೋಡಿದರೆ ಟ್ರೇಗಳಲ್ಲಿ ಟೊಮೇಟೊ, ಮೆಣಸಿನ ಸಸಿಗಳು. ಮಣ್ಣೇ ಇಲ್ಲ, ಬರೀ ನಮ್ಮ ಪುಡಿ. ಒಂದು ಸಸಿ ಎಳೆದು ತೋರಿಸಿದ, ಬೇರು ಬೆಳ್ಳಗೆ, ತಲೆಗೂದಲಿನ ಹಾಗೆ ತುಂಬಿಕೊಂಡಿತ್ತು. ಬೆಳಿಗ್ಗೆ ಹೊಯ್ದ ನೀರು ಸಂಜೆಗೂ ಹಿಡಿದುಕೊಂಡಿರ್ತದೆ ಕಣಕ್ಕ, ಅರ್ಧ ನೀರು ಉಳೀತು ನಂಗೆ ಅಂದ. ನಾನು ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಒಂದು ಸಸಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದು ಯಜಮಾನರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ಆ ಬೇರನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಗುಡ್ಡದ ಸುತ್ತ ಒಂದು ಸುತ್ತು ಹಾಕಿ ಬಂದರು. ಅವತ್ತಿನಿಂದ ಆ ಗುಡ್ಡಕ್ಕೆ ಯಾರೂ ಕಸ ಅನ್ನಲಿಲ್ಲ.

ಸಿಮೆಂಟಿನ ದೊಡ್ಡ ಕಣ ಹಾಕಿಸಿದರು. ಪುಡಿಯನ್ನು ಅದರಲ್ಲಿ ಒಣಗಿಸಬೇಕು, ಜರಡಿ ಹಿಡಿಯಬೇಕು, ಪ್ರೆಸ್ಸಿನಲ್ಲಿ ಒತ್ತಿ ಇಟ್ಟಿಗೆ ಮಾಡಬೇಕು. ಆ ಇಟ್ಟಿಗೆ ನೀರಿಗೆ ಹಾಕಿದರೆ ಐದರಷ್ಟು ಉಬ್ಬುತ್ತದೆ. ಕಣದ ಉಸ್ತುವಾರಿ ನನಗೆ ಬಂತು. ಪುಡಿ ಒಣಗಿದೆಯೋ ಇಲ್ಲವೋ ಅಂತ ನೋಡಲು ಆಗ ಯಂತ್ರ ಇರಲಿಲ್ಲ. ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚಬೇಕು. ಉಂಡೆಯಾಗಿ ಕೂತರೆ ಇನ್ನೊಂದು ಬಿಸಿಲು ಬೇಕು. ಅರಳಿ ಬೆರಳ ಸಂದಿನಲ್ಲಿ ಉದುರಿದರೆ ಪ್ರೆಸ್ಸಿಗೆ ಕೊಡಬಹುದು. ಈಗ ಮೀಟರು ಇದೆ, ಒಳ್ಳೇದು. ಆದರೂ ಒಮ್ಮೆ ಮುಷ್ಟಿ ಹಿಡಿದು ನೋಡಿ, ಮೀಟರಿನ ಬ್ಯಾಟರಿ ಹೋಗಿರುವುದು ಮುಷ್ಟಿಗೆ ಗೊತ್ತಾಗುತ್ತದೆ.

ನಾನೂ ಎಡವಿದ್ದೇನೆ. ಒಂದು ಆರಿದ್ರಾ ಮಳೆಯ ಹೊತ್ತಿನಲ್ಲಿ ಆತುರಕ್ಕೆ ಬಿದ್ದು ಹಸಿ ಪುಡಿಯನ್ನೇ ಒತ್ತಿಸಿದೆ. ಗೋಡೌನಿನಲ್ಲಿ ಇಟ್ಟಿಗೆಗಳು ಉಬ್ಬಿಕೊಂಡು, ಸುತ್ತಿದ ಪ್ಲಾಸ್ಟಿಕ್ ಬಿರಿದು, ಅಡಕಿಟ್ಟ ಸಾಲೇ ಓಲಾಡುತ್ತ ಬಂದು ಬಾಗಿಲಿಗೆ ಒರಗಿತ್ತು. ಬಾಗಿಲು ತೆಗೆಯಲು ಆರು ಜನ ಬೇಕಾಯಿತು. ಯಜಮಾನರು ನನ್ನನ್ನು ಬೈಯಲಿಲ್ಲ. ಎಲ್ಲರ ಮುಂದೆ ಆ ಇಟ್ಟಿಗೆಯೊಂದನ್ನು ಸವರಿ, ಇದಕ್ಕೆ ಎಷ್ಟು ತಿಂಗಳಮ್ಮ ಗಂಗಮ್ಮ ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಆಮೇಲೆ ಉಪ್ಪಿನ ಕಥೆ. ಹೊರದೇಶಕ್ಕೆ ಕಳಿಸುವ ಪುಡಿಯಲ್ಲಿ ಉಪ್ಪಿನಂಶ ಇರಬಾರದು, ಎಳೆ ಬೇರು ಸುಡುತ್ತದೆ. ಅದನ್ನು ಅಳೆಯಲು ಪೆನ್ನಿನಂಥ ಒಂದು ಮೀಟರು ಬಂತು. ಪುಡಿಯನ್ನು ನೀರಿನಲ್ಲಿ ನೆನೆಸಿ ಆ ಪೆನ್ನು ಅದ್ದಿದರೆ ಅಂಕಿ ತೋರಿಸುತ್ತದೆ. ಗಮ್ಮತ್ತೇನು ಅಂದರೆ, ಇಷ್ಟು ವರ್ಷ ಬೈಸಿಕೊಂಡು ಮಳೆಯಲ್ಲಿ ನೆನೆದ ಹಳೇ ಗುಡ್ಡದ ಪುಡಿಯೇ ಮೊದಲು ಪಾಸಾಯಿತು. ಮಳೆ ಪುಕ್ಕಟೆ ತೊಳೆದುಕೊಟ್ಟಿತ್ತು. ಹೊಸ ಪುಡಿ ತೊಳೆಯಬೇಕಿತ್ತು. ಅದರಲ್ಲೂ ಒಂದು ತೋಟದ ಮಟ್ಟೆ ಬಂದ ದಿನ ಅಂಕಿ ಮೇಲಕ್ಕೆ ಹಾರುತ್ತಿತ್ತು. ಮೀಟರು ಕೆಟ್ಟಿದೆ ಅಂದರು. ನಾನು ನೆನೆಸಿದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕೆಟ್ಟಿಲ್ಲ ಅಂದೆ. ಆ ತೋಟಕ್ಕೇ ಹೋಗಿ ಕೇಳಿದರೆ ಆ ಮಹರಾಯ ವರ್ಷ ವರ್ಷ ಒಂದೊಂದು ಮರದ ಬುಡಕ್ಕೂ ಕಲ್ಲುಪ್ಪು ಹಾಕುತ್ತಿದ್ದ. ಅಪ್ಪನ ಕಾಲದಿಂದ ಬಂದದ್ದು, ತೆಂಗು ಉಪ್ಪು ಕೇಳ್ತದೆ ಅಂದ. ಹಾಗಾದರೆ ತೊಳೆದ ನೀರನ್ನು ಅವನ ತೋಟಕ್ಕೇ ಬಿಟ್ಟರೆ ಅಂತ ನಾನು ಯಜಮಾನರಿಗೆ ಹೇಳಿದೆ. ಪೈಪು ಹಾಕಿಸಿದರು. ನಮಗೆ ಕೊಳೆನೀರಿನ ತಕರಾರು ತಪ್ಪಿತು, ಅವನಿಗೆ ಉಪ್ಪಿನ ಮೂಟೆ ತಪ್ಪಿತು. ಇಂದಿಗೂ ಆ ನೀರು ಅಲ್ಲಿಗೇ ಹರಿಯುತ್ತಿದೆ. ಅದು ನನ್ನ ತಲೆಗೆ ಹೊಳೆದದ್ದು ಅಂತ ಬರೆದುಕೊಳ್ಳಲು ನನಗೇನೂ ಸಂಕೋಚವಿಲ್ಲ.

ಈಗ ಸೆರಗಿನ ವಿಷಯಕ್ಕೆ ಬರುತ್ತೇನೆ.

ರಸ್ತೆಯಿಂದ ನಮ್ಮ ಮಿಲ್ಲಿಗೆ ಬರುವ ದಾರಿ ಹೊನ್ನಪ್ಪಜ್ಜನ ಹೊಲದ ಬದುವಿನ ಮೇಲೆ. ಮಿಲ್ಲು ಕಟ್ಟುವಾಗ ಯಜಮಾನರು ಕೇಳಿದ್ದಕ್ಕೆ, ಓಡಾಡಿಕೊಳ್ಳಿ ಅಂತ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟವರು. ಕಾಗದ ಪತ್ರ ಏನೂ ಇಲ್ಲ. ಅಜ್ಜನಿಗೆ ನಾನು ಹೇಳುವ ವರ್ಷ ಎಂಬತ್ತರ ಹತ್ತಿರ. ನಾಲ್ಕು ಸಾಲು ತೆಂಗು, ಉಳಿದದ್ದೆಲ್ಲ ರಾಗಿ. ರಾಗಿ ತೆನೆ ಬಡಿದು ಕಾಳು ಮಾಡಲು ಹಿಂದೆಲ್ಲ ಸಗಣಿ ಸಾರಿಸಿದ ಕಣ ಇರುತ್ತಿತ್ತು. ಈಗ ಕಣ ಮಾಡುವವರು ಯಾರು? ಎಲ್ಲರೂ ಟಾರು ರಸ್ತೆಗೆ ತೆನೆ ಹಾಸುತ್ತಾರೆ, ಬಸ್ಸು ಲಾರಿ ಹತ್ತಿ ಒಕ್ಕಣೆ ಆಗುತ್ತದೆ. ಆ ವರ್ಷ ಅಜ್ಜನ ಸೊಸೆ ರಸ್ತೆಯಲ್ಲಿ ಹುಲ್ಲು ತಿರುವುವಾಗ ಒಂದು ಬೈಕು ಜಾರಿ ಬಂದು ಅವಳ ಕಾಲಿಗೆ ಬಡಿದು ಮೂಳೆ ಬಿರುಕು ಬಿಟ್ಟಿತ್ತು. ಅಜ್ಜ ಗೇಟಿನ ಹತ್ತಿರ ಬಂದು ನಿಂತರು. ಚಪ್ಪಲಿ ಆಚೆಯೇ ಬಿಟ್ಟಿದ್ದರು. ಅದು ಪುಡಿಯ ಕಣ, ರಾಗಿಯದಲ್ಲ. ಆದರೂ ಕಣಕ್ಕೆ ಚಪ್ಪಲಿಯಲ್ಲಿ ಬರಬಾರದು ಅನ್ನುವುದು ಅವರ ಕಾಲಿಗೆ ಗೊತ್ತಿತ್ತು.

"ಏನವ್ವ ಗಂಗವ್ವ, ಎರಡು ದಿನ ಈ ಕಣ ಕೊಟ್ರೆ ನಂದೊಂದು ರಾಗಿ ಮೆದೆ ಒಕ್ಕಿಕೊಂಡು ಬುಡ್ತೀನಿ. ಸೊಸೆಗೆ ಕಾಲಿಲ್ಲ. ರಸ್ತೆ ಅಂದ್ರೆ ನಂಗೇ ಎದೆ ನಡುಗ್ತದೆ ಕಣವ್ವ."

ಯಜಮಾನರು ಮದುವೆಗೆ ಅಂತ ಊರಿನಲ್ಲಿರಲಿಲ್ಲ. ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದೇ ಕೇಳಲಿಲ್ಲ. ನಮ್ಮ ಕಡೆ ಅನ್ನ ಕೇಳಿದವರಿಗೆ ಇಲ್ಲ ಅಂದವರನ್ನಾದರೂ ನೋಡಿದ್ದೇನೆ, ಕಣ ಕೇಳಿದವರಿಗೆ ಇಲ್ಲ ಅಂದವರನ್ನು ನೋಡಿಲ್ಲ. ಹೂಂ ಅಂದೆ. ಅಜ್ಜನ ಹಿಂದೆ ಇನ್ನೂ ಮೂರು ಮನೆಯವರ ಮೆದೆ ಬಂತು. ಎರಡು ದಿನ ನಾಲ್ಕಾಯಿತು. ರಾಶಿ ಪೂಜೆ ಮಾಡಿ ನಮಗೂ ಒಂದೊಂದು ಮೊರ ರಾಗಿ ಹಂಚಿದರು. ನಾವು ಹೆಂಗಸರು ಕಣವನ್ನು ಮೂರು ಸಲ ಗುಡಿಸಿದೆವು, ನೀರು ಹಾಕಿ ತೊಳೆದೆವು. ಆದರೆ ರಾಗಿ ಸಾಸಿವೆಗಿಂತ ಸಣ್ಣದು. ಸಿಮೆಂಟಿನ ಬಿರುಕಿನಲ್ಲಿ ಕೂತಿದ್ದು ಕಸಬರಿಕೆಗೆ ಎಲ್ಲಿ ಸಿಗಬೇಕು.

ನಾಲ್ಕು ತಿಂಗಳಾದ ಮೇಲೆ ಯಜಮಾನರ ಫೋನಿಗೆ ಒಂದು ಫೋಟೋ ಬಂತು. ಯಾವುದೋ ಚಳಿ ದೇಶದ ಗಾಜಿನ ಮನೆ. ಸಾಲಾಗಿ ನಮ್ಮ ಪುಡಿಯ ಚೀಲಗಳು, ಒಂದೊಂದರಲ್ಲೂ ಒಂದು ಟೊಮೇಟೊ ಗಿಡ. ಅದರ ಸುತ್ತ ಹಸಿರಾಗಿ, ದಟ್ಟವಾಗಿ ಏನೋ ಹುಲ್ಲು. ಕಳೆ ಬೀಜ ಬೆರೆತ ಮಾಲು, ಮುಂದಿನ ಆರ್ಡರು ನಿಲ್ಲಿಸಿದ್ದೇವೆ ಅಂತ ಬರೆದಿದ್ದರು. ನಾನು ಫೋಟೋ ನೋಡಿದವಳೇ ಗುರುತು ಹಿಡಿದೆ. ಚಪ್ಪಟೆ ಬುಡ, ಎಳೆಹಸಿರು ಗರಿ. ಏಳು ವರ್ಷದವಳಿದ್ದಾಗಿನಿಂದ ರಾಗಿ ಹೊಲದಲ್ಲಿ ಕಳೆ ಕಿತ್ತ ಕೈ ನನ್ನದು. ಬಿತ್ತಿದ್ದನ್ನು ಬಿಟ್ಟು ಉಳಿದದ್ದನ್ನು ಕೀಳುವುದು ಆ ಕೆಲಸ. ಆ ಪುಣ್ಯಾತ್ಮರು ಕಳೆ ಅಂದದ್ದು ನಮ್ಮ ಹೊನ್ನಪ್ಪಜ್ಜನ ಮುದ್ದೆ.

ಆಗಿನ ಕಾಲವೂ ಸರಿಯಿಲ್ಲದ ಕಾಲ. ಪ್ರೆಸ್ಸು ಹಳೆಯದಾಗಿತ್ತು, ತೊಳೆಯುವ ತೊಟ್ಟಿ ಸಾಲುತ್ತಿರಲಿಲ್ಲ. ಬೆಂಗಳೂರಿನ ಒಂದು ಕಂಪನಿ, ಭೂಮಿ ಕೆಡಿಸದ ವ್ಯಾಪಾರಗಳಿಗೇ ಹುಡುಕಿ ಬಂಡವಾಳ ಹಾಕುವವರು, ನಮ್ಮ ಮಿಲ್ಲನ್ನು ನೋಡಲು ಮುಂದಿನ ವಾರ ಬರುವುದಿತ್ತು. ಅವರು ಹಾಕಿದರೆ ಹೊಸ ಪ್ರೆಸ್ಸು, ಕೆಲಸ ಇನ್ನಷ್ಟು ಜನಕ್ಕೆ. ಹಾಕದಿದ್ದರೆ ಪುಡಿಯ ವಿಭಾಗ ಮುಚ್ಚಿ ನಾರು ಮಾತ್ರ ಇಟ್ಟುಕೊಳ್ಳುವುದು ಅಂತ ಯಜಮಾನರ ಮಗ ಆಗಲೇ ಹೇಳುತ್ತಿದ್ದ. ಕಣದಲ್ಲಿ ಆಗ ಮೂವತ್ತೊಂದು ಜನ ಹೆಂಗಸರು. ಒಬ್ಬೊಬ್ಬರ ಮನೆಯ ಒಲೆಯೂ ನನಗೆ ಗೊತ್ತು.

ಯಜಮಾನರು ಜರಡಿ ಹಿಡಿಯುವವರ ಮೇಲೆ ಸಿಟ್ಟಾದರು. ಜರಡಿ ಸರಿಯಾಗಿ ಹಿಡಿದಿದ್ದರೆ ಬೀಜ ಉಳಿಯುತ್ತಿತ್ತಾ, ನಾಳೆಯಿಂದ ಶೋಭಾ ಮತ್ತೆ ಅವಳ ಜೊತೆಯ ಇಬ್ಬರು ಬರುವುದು ಬೇಡ ಅಂದರು. ಶೋಭಾ ಸೇರಿ ಆಗ ವರ್ಷವೂ ಆಗಿರಲಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮಡಿಸತೊಡಗಿದಳು. ಅವಳು ಅದನ್ನು ನಾಲ್ಕು ಮಡಿಕೆ ಮಾಡುವುದರೊಳಗೆ ನಾನು ಬಾಯಿಬಿಟ್ಟೆ.

"ಯಜಮಾನ್ರೇ, ಅದು ಕಳೆ ಅಲ್ಲ, ರಾಗಿ. ಕಣ ಒಕ್ಕಣೆಗೆ ಕೊಟ್ಟೋಳು ನಾನು. ಬಿಡಿಸೋದಾದ್ರೆ ನನ್ನ ಬಿಡಿಸಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಕಾದೆ. ಬರಲಿಲ್ಲ. ಹೊನ್ನಪ್ಪಜ್ಜ ಕೇಳಿದ್ರಾ ಅಂದರು. ಹೌದು ಅಂದೆ. ನಾನಿದ್ದಿದ್ರೂ ಇಲ್ಲ ಅನ್ನೋಕೆ ಆಗ್ತಿರಲಿಲ್ಲ, ಹಾಳಾಗಲಿ ಅಂದರು. ಶೋಭಾಳಿಗೆ ಕೆಲಸಕ್ಕೆ ಹೋಗು ಅಂತ ಕೈಸನ್ನೆ ಮಾಡಿದರು. ಆಮೇಲೆ ದನಿ ತಗ್ಗಿಸಿ, "ಬೆಂಗಳೂರಿನೋರ ಮುಂದೆ ಮಾತ್ರ ರಾಗಿ ಅನ್ನಬೇಡಮ್ಮ. ಗಾಳೀಲಿ ಬಂದ ಹುಲ್ಲಿನ ಬೀಜ ಅಂದುಬಿಡೋಣ. ಹಳ್ಳಿ ಜನಕ್ಕೆಲ್ಲ ಕಣ ಬಿಟ್ಟಿದ್ದಾರೆ ಅಂತ ಗೊತ್ತಾದ್ರೆ ಒಂದು ಪೈಸೆ ಹಾಕೋಲ್ಲ" ಅಂದರು.

ನಾನು ಗೋಡೌನಿನ ಬೀಗದ ಕೈ ತೆಗೆದುಕೊಂಡು ಹೊರಗೆ ಬಂದೆ.

ಆ ವಾರ ನಾನೊಂದು ಕೆಲಸ ಮಾಡಿದೆ. ಗೋಡೌನಿನಲ್ಲಿ ಉಳಿದಿದ್ದ ಮಾಲಿನ ಒಂದೊಂದು ಸಾಲಿನಿಂದ ಒಂದೊಂದು ಇಟ್ಟಿಗೆ ತೆಗೆದು, ನೆನೆಸಿ, ತಟ್ಟೆಗಳಲ್ಲಿ ಹರಡಿ ನೆರಳಿನಲ್ಲಿಟ್ಟೆ. ಮದುವೆ ಮನೆಯಲ್ಲಿ ನವಧಾನ್ಯ ಮೊಳಕೆಗೆ ಇಡುತ್ತಾರಲ್ಲ, ಹಾಗೆ. ದಿನಾ ನೀರು ಚಿಮುಕಿಸುವುದು, ನೋಡುವುದು. ಒಂದು ತಟ್ಟೆಯಲ್ಲಿ ಹಸಿರು ಕಂಡರೆ ಆ ಸಾಲು ಪೂರ್ತಿ ಬೇರೆ ಇಡುವುದು. ಹೆಂಗಸರು, ಗಂಗಕ್ಕನ ಮನೇಲಿ ಯಾರ ಮದುವೆ ಅಂತ ರೇಗಿಸಿದರು. ನಗುತ್ತಿದ್ದರು, ಆದರೆ ಎಲ್ಲರೂ ಬೆಳಿಗ್ಗೆ ಬಂದವರೇ ಮೊದಲು ತಟ್ಟೆಗಳ ಹತ್ತಿರ ಹೋಗುತ್ತಿದ್ದರು.

ಬಂದವರು ಅನುಪಮಾ ಅಂತ ಒಬ್ಬ ಮೇಡಂ. ಕ್ಯಾನ್ವಾಸ್ ಬೂಟು, ಕೈಯಲ್ಲಿ ನೋಟುಪುಸ್ತಕ, ಕಮ್ಮಿ ಮಾತು. ಎಲ್ಲ ಬಿಟ್ಟು ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಕೇಳಿದರು. ಉಪ್ಪಿನ ತೋಟಕ್ಕೆ ಕರೆದುಕೊಂಡು ಹೋಗಿ ಪೈಪು ತೋರಿಸಿದೆ. ಬರೆದುಕೊಂಡರು. ಮಟ್ಟೆ ಯಾರು ಕೊಡುತ್ತಾರೆ, ಹೆಂಗಸರಿಗೆ ನೆರಳೆಲ್ಲಿ, ಎಲ್ಲ ಕೇಳಿದರು. ವಾಪಸ್ಸು ಬರುವಾಗ ಗೋಡೆಯ ಪಕ್ಕ ಸಾಲಾಗಿದ್ದ ನನ್ನ ತಟ್ಟೆಗಳು ಕಣ್ಣಿಗೆ ಬಿದ್ದವು. ಅಷ್ಟು ಹೊತ್ತಿಗೆ ಮೂರು ತಟ್ಟೆಗಳಲ್ಲಿ ಬೆರಳುದ್ದ ಹಸಿರು ಎದ್ದಿತ್ತು.

"ಇದೇನು ಹುಲ್ಲು?" ಅಂದರು.

ಯಜಮಾನರು ನನ್ನನ್ನು ನೋಡಿದರು. ಆ ನೋಟ ನನಗಿನ್ನೂ ನೆನಪಿದೆ, ಅದರಲ್ಲಿ ಅಪ್ಪಣೆ ಇರಲಿಲ್ಲ, ಬೇಡಿಕೆ ಇತ್ತು. ಇಪ್ಪತ್ತು ವರ್ಷ ಅವರ ಅನ್ನ ತಿಂದವಳು. ಕಣದ ಆ ಕಡೆ ಮೂವತ್ತೊಂದು ಜನ ಪುಡಿ ತಿರುವುತ್ತಿದ್ದಂತೆ ನಟಿಸುತ್ತ ಕಿವಿ ಇತ್ತ ಇಟ್ಟಿದ್ದರು. ಹುಲ್ಲಿನ ಬೀಜ ಅಂತ ಹೇಳಲು ನಾಲಿಗೆಯನ್ನೂ ಎತ್ತಿದೆ. ಆದರೆ ರಾಗಿಯನ್ನು ಕಳೆ ಅನ್ನಲು ನನ್ನ ಕೈಲಾಗಲಿಲ್ಲ.

"ರಾಗಿ ಮೇಡಂ," ಅಂದೆ. "ಇದು ನಮ್ಮೂರೋರ ಊಟ. ಈ ಕಣದಲ್ಲೇ ಒಕ್ಕಿದ್ದು, ನಾನೇ ಕೊಟ್ಟಿದ್ದು. ಪುಡೀಲಿ ಸೇರ್ಕೊಂಡಿದೆ. ಯಾವ್ಯಾವ ಸಾಲಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಪತ್ತೆ ಮಾಡೋಕೆ ಈ ತಟ್ಟೆ."

ಮೇಡಂ ಬಗ್ಗಿ ಒಂದು ಮೊಳಕೆ ಕಿತ್ತು ನೋಡಿದರು. ಯಾಕೆ ಕೊಟ್ರಿ ಅಂತ ಕೇಳಿದರು. ಬೈಕಿನ ಸಂಗತಿ ಹೇಳಿದೆ, ಸೊಸೆಯ ಕಾಲು ಹೇಳಿದೆ, ನೀವು ಕಾರಿನಲ್ಲಿ ಬಂದ ದಾರಿ ಯಾರ ಹೊಲದ್ದು ಅಂತಲೂ ಹೇಳಿದೆ. ಅಜ್ಜನನ್ನು ನೋಡಬೇಕು ಅಂದರು. ಬದುವಿನ ಮೇಲೆ ದನ ಮೇಯಿಸುತ್ತಿದ್ದ ಹೊನ್ನಪ್ಪಜ್ಜನನ್ನು ಕೂಗಿ ಕರೆದೆವು. ಚಪ್ಪಲಿ ಬಿಟ್ಟು ಬಂದರು. ವಿಷಯ ಗೊತ್ತಾದಾಗ ಮುಖ ಸಣ್ಣಗಾಯಿತು.

"ನಮ್ಮಿಂದ ನಿಮ್ಗೆ ಇಷ್ಟು ತೊಂದ್ರೆ ಆಗೈತೆ ಅಂತ ಗೊತ್ತಿರ್ಲಿಲ್ಲ ಕಣಪ್ಪ ಮಲ್ಲಿಕಾರ್ಜುನಪ್ಪ," ಅಂದರು. "ಬುಡು, ಇನ್ಮೇಲೆ ಕೇಳಕಿಲ್ಲ. ರಸ್ತೇಲೇ ಹಾಕ್ಕತೀವಿ. ದಾರಿ ನೀವು ಹೆಂಗಿದ್ದೀರೋ ಹಂಗೇ ಓಡಾಡಿಕಳಿ."

ದಾರಿಯ ಮಾತನ್ನು ಅಜ್ಜ ಎತ್ತದೇ ಇದ್ದಿದ್ದರೆ ಯಜಮಾನರು ತಡೆದುಕೊಳ್ಳುತ್ತಿದ್ದರೋ ಏನೋ. ಎತ್ತಿದ್ದು ಬೆದರಿಸಲು ಅಲ್ಲ, ಸಮಾಧಾನ ಹೇಳಲು. ಯಜಮಾನರು ತಲೆ ತಗ್ಗಿಸಿ, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು. ಆಮೇಲೆ ಮೇಡಂ ಕಡೆ ತಿರುಗಿ, ನಾನೇ ಗಂಗಮ್ಮನಿಗೆ ಸುಳ್ಳು ಹೇಳು ಅಂದಿದ್ದೆ, ಇವರು ಹೇಳಲಿಲ್ಲ, ನೀವು ಬಂಡವಾಳ ಹಾಕಿ ಬಿಡಿ, ನನ್ನ ಕಣದಿಂದ ಈ ಅಜ್ಜನನ್ನು ರಸ್ತೆಗೆ ಕಳಿಸೋಕೆ ನನ್ನ ಕೈಲಾಗೋಲ್ಲ ಅಂದರು. ಅಷ್ಟು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಗೌರವ ಬಂದದ್ದು ಆ ಗಳಿಗೆಯಲ್ಲಿ.

ಮೇಡಂ ನೋಟುಪುಸ್ತಕ ಮುಚ್ಚಿದರು. ಕಣದ ಉದ್ದ ಅಗಲ ಹೆಜ್ಜೆಯಲ್ಲಿ ಅಳೆದರು. ಗೇಟಿನ ಆಚೆ ಮಿಲ್ಲಿನದೇ ಒಂದು ಪಾಳು ಜಾಗ ಇತ್ತು, ಅದನ್ನೂ ಅಳೆದರು. ಹೋಗುವಾಗ ನನ್ನ ತಟ್ಟೆಗಳ ಫೋಟೋ ತೆಗೆದುಕೊಂಡರು.

ಮೂರು ವಾರ ಸುದ್ದಿ ಇಲ್ಲ. ಮನೆಯಲ್ಲಿ ಒಲೆ ಮುಂದೆ ಕೂತರೂ ಅದೇ ಯೋಚನೆ. ಸುಮ್ಮನೆ ಹುಲ್ಲು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ನಿನ್ನದು ಅಂತ ನನ್ನನ್ನೇ ಬೈದುಕೊಂಡೆ. ಕಣದ ಹೆಂಗಸರು ಒಬ್ಬರೂ ನನ್ನನ್ನು ಹಾಗೆ ಅನ್ನಲಿಲ್ಲ. ಅದು ಇನ್ನೂ ಭಾರ.

ಆಮೇಲೆ ಕಾಗದ ಬಂತು. ಯಜಮಾನರು ಕಣಕ್ಕೇ ಬಂದು ನಿಂತು, ಕನ್ನಡಕ ಹಾಕಿಕೊಂಡು, ಇಂಗ್ಲಿಷು ಬಿಟ್ಟು ಅದರ ಸಾರ ಹೇಳಿದರು. ಬಂಡವಾಳ ಹಾಕುತ್ತಾರೆ. ಆದರೆ ಷರತ್ತುಗಳಿವೆ. ಮೊದಲನೆಯದು, ಹೊಸ ಪ್ರೆಸ್ಸಿಗಿಂತ ಮುಂಚೆ ಗೇಟಿನ ಆಚೆಯ ಪಾಳು ಜಾಗದಲ್ಲಿ ಊರಿನವರ ರಾಗಿಗೆ ಬೇರೆ ಕಣ ಆಗಬೇಕು. ಎರಡನೆಯದು, ದಾರಿಯ ವಿಷಯ ಹೊನ್ನಪ್ಪಜ್ಜನ ಜೊತೆ ಕಾಗದದಲ್ಲಿ ಆಗಿ, ವರ್ಷ ವರ್ಷ ಅವರಿಗೆ ಸಲ್ಲಬೇಕಾದ್ದು ಸಲ್ಲಬೇಕು. ಮೂರನೆಯದು, ಹೊರಗೆ ಹೋಗುವ ಒಂದೊಂದು ಲೋಡಿನಿಂದಲೂ ಒಂದು ತಟ್ಟೆ ಮೊಳಕೆಗೆ ಇಟ್ಟು, ಹತ್ತು ದಿನ ಏನೂ ಹುಟ್ಟದಿದ್ದರೆ ಮಾತ್ರ ಮಾಲು ಹೊರಡಬೇಕು. ಇದಕ್ಕೆ ಅವರು ಇಂಗ್ಲಿಷಿನಲ್ಲಿ ಉದ್ದ ಹೆಸರು ಕೊಟ್ಟಿದ್ದಾರೆ. ನಮ್ಮ ಮಿಲ್ಲಿನಲ್ಲಿ ಅದಕ್ಕೆ ಇವತ್ತಿಗೂ ಗಂಗಕ್ಕನ ತಟ್ಟೆ ಅಂತಲೇ ಹೆಸರು.

ಆರ್ಡರು ನಿಲ್ಲಿಸಿದವರಿಗೆ ತಟ್ಟೆಗಳ ಫೋಟೋ ಕಳಿಸಿ, ನಡೆದದ್ದು ನಡೆದ ಹಾಗೆ ಬರೆಸಿದೆವು. ಮೊದಲು ಅರ್ಧ ಲೋಡು ತರಿಸಿ ನೋಡಿದರು. ಮುಂದಿನ ವರ್ಷ ಪೂರ್ತಿ. ಆಮೇಲೆ ಒಮ್ಮೆ ಅನುಪಮಾ ಮೇಡಂ ಬಂದಾಗ ನಾನು ಕೇಳಿಯೇಬಿಟ್ಟೆ, ಅವತ್ತು ಬೇಡ ಅನ್ನಿಸಲಿಲ್ಲವಾ ಅಂತ. ಅವರು ನಕ್ಕರು. ಮಟ್ಟೆ ಇವರದು, ದಾರಿ ಇವರದು, ದುಡಿಯುವ ಕೈ ಇವರದು, ಇವರನ್ನ ಗೇಟಿನ ಆಚೆ ಇಟ್ಟ ಮಿಲ್ಲು ಹತ್ತು ವರ್ಷ ಬಾಳೋಲ್ಲ ಗಂಗಮ್ಮ, ಬಾಳೋದಕ್ಕೆ ತಾನೇ ನಾವು ದುಡ್ಡು ಹಾಕೋದು ಅಂದರು. ನಿಮಗೆ ಕೊಟ್ಟ ಹಾಳೆಯ ಮೇಲುಗಡೆ ಆ ಕಂಪನಿಯ ಬಗ್ಗೆ ದೊಡ್ಡ ದೊಡ್ಡ ಮಾತಿನಲ್ಲಿ ಬರೆದಿರುವುದರ ಅರ್ಥ ಇಷ್ಟೇ.

ಕಾಗದ ಬಂದ ದಿನವೇ ಸೆರಗು ಕೊಡವುವ ಸಾಲನ್ನು ಬರೆಸಿದೆ. ರಾಗಿ ಕಣ ಪಕ್ಕದಲ್ಲೇ ಅಂದ ಮೇಲೆ ಆ ಕಣದಿಂದ ಈ ಕಣಕ್ಕೆ ಕಾಳು ನಮ್ಮ ಬಟ್ಟೆಯಲ್ಲೇ ಬರುತ್ತದೆ. ಯಾರು ಬಂದರೂ ಕೊಡವಬೇಕು, ಯಜಮಾನರೂ ಸೇರಿ ಅಂತ ಹೇಳಿದೆ. ಅವರು ಪಂಚೆ ಕೊಡವಿಕೊಂಡೇ ಒಳಗೆ ಬರುತ್ತಿದ್ದರು, ಗೊಣಗಿಕೊಂಡು.

ಹೋದ ಮಾಘದಲ್ಲಿ ನಾನು ರಾಗಿ ಕಣದಲ್ಲಿ ಹೊನ್ನಪ್ಪಜ್ಜನ ಸೊಸೆಯ ಜೊತೆ ತೂರಲು ನಿಂತಿದ್ದೆ. ಅಜ್ಜ ಈಗಿಲ್ಲ. ಸೊಸೆ ಕಾಲು ಸ್ವಲ್ಪ ಎಳೆದು ನಡೆಯುತ್ತಾಳೆ, ಆದರೆ ಮೊರ ಎತ್ತಿದರೆ ಗಾಳಿಯೇ ಅವಳ ಮಾತು ಕೇಳುತ್ತದೆ. ಶೋಭಾ ಒಳಗಿನಿಂದ ಹೇಳಿಕಳಿಸಿದಳು, ಒಂದು ಲೋಡಿನ ವಿಷಯದಲ್ಲಿ ಮೀಟರು ಒಂದು ಹೇಳುತ್ತಿದೆ, ಕೈ ಒಂದು ಹೇಳುತ್ತಿದೆ, ಬಂದು ಒಂದು ಮುಷ್ಟಿ ಹಿಡಿದು ನೋಡಿ ಅಂತ. ಕರೆ ಬಂದ ಖುಷಿಯಲ್ಲಿ ನೆಟ್ಟಗೆ ಹೊರಟೆ. ಗೇಟಿನಲ್ಲಿ ಹೊಸದಾಗಿ ಸೇರಿದ ಒಬ್ಬಳು ನಿಂತಿದ್ದಳು. ನನ್ನ ಗುರುತಿಲ್ಲ.

"ನಿಂತ್ಕಳಿ ಅಮ್ಮ. ಸೆರಗು ಕೊಡವಿ."

ಒಳಗಿನಿಂದ ಶೋಭಾ, "ಲೇ, ಅವ್ರು ಯಾರು ಅಂತ ಗೊತ್ತೇನೇ?" ಅಂತ ಕೂಗಿದಳು.

"ಯಾರಾದ್ರೂ ಆಗ್ಲಿ ಕಣಕ್ಕ. ಸೆರಗಲ್ಲಿ ರಾಗಿ ಐತೆ."

ನೋಡಿಕೊಂಡೆ. ಇತ್ತು. ಹಿಂದಕ್ಕೆ ಸರಿದು ಸೆರಗು ಬಿಚ್ಚಿ ಜಾಡಿಸಿದೆ. ನಾಲ್ಕಾರು ಕಾಳು ಗೇಟಿನ ಕಲ್ಲಿನ ಮೇಲೆ ಚಿಟಚಿಟ ಉದುರಿದವು. ಅವಳು ಬಗ್ಗಿ ನೋಡಿ, ಇನ್ನೊಂದು ಸಲ ಅಂದಳು. ಇನ್ನೊಂದು ಸಲ ಕೊಡವಿದೆ. ಈಗ ಬನ್ನಿ ಅಂದಳು.

ಆಮೇಲೆ ಒಳಗೆ ಹೋದೆ.